ಕೆಟರಿಂಗ್ ಪಟ್ಟಣದ ಚರ್ಚುಗಳು ಮತ್ತು ಚಾಪೆಲ್‌ಗಳು

ಕೆಟರಿಂಗ್ ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಕೌಂಟಿಯ ಒಂದು ಪಟ್ಟಣ. ಮೊದಲು ಉಣ್ಣೆಯ ನೇಯ್ಗೆಗೂ 19ನೆಯ ಶತಮಾನದಲ್ಲಿ ಪಾದರಕ್ಷೆಗಳ ತಯಾರಿಕೆಗೂ ಹೆಸರಾಗಿದ್ದ ಈ ಊರು, ರಾಜಮನ್ನಣೆಯ ಆಂಗ್ಲಿಕನ್ ಚರ್ಚಿನಿಂದ ಹೊರಬಂದ ಪಂಥಗಳ ಪ್ರಬಲ ನೆಲೆಯಾಗಿತ್ತು. ಆಂಗ್ಲಿಕನ್ನರ ಆರಾಧನಾಮಂದಿರವನ್ನು ಚರ್ಚ್ ಎಂದೂ ಹೊರಗಿನ ಪಂಥಗಳ ಮಂದಿರವನ್ನು ಚಾಪೆಲ್ ಅಥವಾ ಸಭಾಗೃಹ ಎಂದೂ ಕರೆಯುವುದು ಅಲ್ಲಿನ ಹಳೆಯ ರೂಢಿ.

ಮಧ್ಯಯುಗದಲ್ಲಿ ಕೆಟರಿಂಗ್ ಪೀಟರ್‌ಬರೋ ಮಠದ ಹಿಡುವಳಿಯಾಗಿತ್ತು. 1227ರಲ್ಲಿ ಇಲ್ಲಿ ಸಂತೆ ನಡೆಸುವ ಹಕ್ಕನ್ನು ರಾಜನಿಂದ ಪಡೆದವನೂ ಆ ಮಠಾಧಿಪತಿಯೇ. ಸಂತೆ ಬೀದಿಗೆ ಹೊಂದಿಕೊಂಡಿರುವ ಸಂತ ಪೀಟರ್ ಮತ್ತು ಸಂತ ಪಾಲ್ ಚರ್ಚು ಊರಿನ ಪ್ಯಾರಿಷ್ ಚರ್ಚು, ಅಂದರೆ ನಿಗದಿತ ಎಲ್ಲೆಯೊಳಗಿನ ಸಮಸ್ತರಿಗೂ ಸೇರಿದ ಆರಾಧನಾಸ್ಥಳ. ಇದರ ಬಹುಭಾಗ 15ನೆಯ ಶತಮಾನದ್ದು. ನೇರವಾದ ಲಂಬರೇಖೆಗಳಿಗೂ ಅಗಲವಾದ ಕಿಟಕಿಗಳಿಗೂ ಪ್ರಾಧಾನ್ಯವಿರುವ ಪರ್ಪೆಂಡಿಕ್ಯುಲರ್ ಶೈಲಿಯ ಇದರ ಗೋಪುರವೂ ಅದರ ಮೇಲಿನ ಚೂಪು ಶಿಖರವೂ ಸೇರಿ ಸುಮಾರು 54 ಮೀ. ಎತ್ತರವಿದ್ದು, ದೂರದಿಂದಲೇ ಪಟ್ಟಣದ ಗುರುತಾಗಿ ಕಾಣುತ್ತವೆ.

1662ರ ಏಕರೂಪತಾ ಶಾಸನವು ಆಂಗ್ಲಿಕನ್ ಪ್ರಾರ್ಥನಾಗ್ರಂಥವನ್ನು ಸಂಪೂರ್ಣವಾಗಿ ಒಪ್ಪದ ಪಾದ್ರಿಗಳನ್ನು ಹುದ್ದೆಯಿಂದ ಹೊರಹಾಕಿತು. ಹೀಗೆ ಸ್ಥಾನ ಕಳೆದುಕೊಂಡ ಮೇಡ್‌ವೆಲ್ ಎಂಬ ಪಾದ್ರಿಯ ಸುತ್ತ ಕೆಟರಿಂಗ್‌ನಲ್ಲಿ ಸ್ವತಂತ್ರ ಸಭೆಯೊಂದು ರೂಪುಗೊಂಡಿತು. ಮೇಲಧಿಕಾರಿ ಬಿಷಪ್ ಇಲ್ಲದೆ ತನ್ನ ವ್ಯವಹಾರವನ್ನು ತಾನೇ ನಿರ್ಣಯಿಸಿಕೊಳ್ಳುವುದು ಇಂಥ ಸಭೆಯ ಲಕ್ಷಣ. ರಾಜಮನ್ನಣೆಯಿಲ್ಲದ ಪ್ರಾಟೆಸ್ಟಂಟರಿಗೆ ಆರಾಧನೆಯ ಸ್ವಾತಂತ್ರ್ಯವಿತ್ತ 1689ರ ಸಹಿಷ್ಣುತಾ ಶಾಸನದ ಬಳಿಕ ಇಂಥ ಸಭೆಗಳಿಗೆ ಬಹಿರಂಗವಾಗಿ ಮಂದಿರ ಕಟ್ಟಿಕೊಳ್ಳಲು ಅವಕಾಶವಾಯಿತು. ಈ ಸಭೆಯ ಮಂದಿರ ಸಿದ್ಧವಾದುದು 1723ರಲ್ಲಿ. ಮುಂದೆ ದೀರ್ಘಕಾಲ ಇಲ್ಲಿ ಬೋಧಕನಾಗಿದ್ದ ಥಾಮಸ್ ನಾರ್ತ್‌ಕೋಟ್ ಟಾಲರ್ ಮತ್ತು ಅವನ ಮಗನ ನೆನಪಿಗಾಗಿ ಅದಕ್ಕೆ ಟಾಲರ್ ಚಾಪೆಲ್ ಎಂಬ ಹೆಸರು ಬಂದಿತು.

ಈ ಸಭೆಯೂ ಒಡೆಯದೆ ಉಳಿಯಲಿಲ್ಲ. ಶಿಶುಗಳಿಗೆ ದೀಕ್ಷಾಸ್ನಾನ ಸಲ್ಲದು, ನಂಬಿಕೆಯನ್ನು ಸ್ವತಃ ಒಪ್ಪಿಕೊಂಡ ವಯಸ್ಕರಿಗಷ್ಟೇ ಅದನ್ನು ನೀಡಬೇಕು ಎಂಬ ಬ್ಯಾಪ್ಟಿಸ್ಟ್ ನಿಲುವಿನವರು 1696ರಲ್ಲಿ ವಿಲಿಯಂ ವಾಲಿಸ್‌ನ ನೇತೃತ್ವದಲ್ಲಿ ಬೇರೆಯಾದರು. ಈ ಪರಿಸರದಲ್ಲಿ 1697ರಲ್ಲಿ ಹುಟ್ಟಿದ ಜಾನ್ ಗಿಲ್, ಮುಕ್ತಿ ಪಡೆಯುವವರನ್ನು ದೇವರು ಮೊದಲೇ ಆರಿಸಿರುತ್ತಾನೆಂಬ ಕಠಿಣ ಕ್ಯಾಲ್ವಿನ್‌ವಾದದ ಪ್ರಮುಖ ಪಂಡಿತನೆನಿಸಿದ. ಆದರೆ 1782ರಲ್ಲಿ ಇದೇ ಬ್ಯಾಪ್ಟಿಸ್ಟ್ ಸಭೆಗೆ ಬೋಧಕನಾಗಿ ಬಂದ ಆಂಡ್ರೂ ಫುಲ್ಲರ್, ಆ ಸಿದ್ಧಾಂತವನ್ನು ಬಿಡದೆಯೇ, ಸುವಾರ್ತೆಯನ್ನು ಸರ್ವರಿಗೂ ಸಾರುವುದು ಬೋಧಕನ ಕರ್ತವ್ಯವೆಂದು 1785ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಾದಿಸಿದ. ದೂರದೇಶಗಳಲ್ಲಿ ಧರ್ಮಪ್ರಸಾರ ಮಾಡುವ ಯೋಜನೆಗೆ ಈ ವಾದ ತಾತ್ತ್ವಿಕ ಬುನಾದಿಯಾಯಿತು.

1792ರ ಅಕ್ಟೋಬರ್ 2ರಂದು ವಾಲಿಸ್ ಮನೆತನದ ವಿಧವೆಯೊಬ್ಬಳ ಮನೆಯಲ್ಲಿ ಸೇರಿದ ಕೆಲವರು ಬ್ಯಾಪ್ಟಿಸ್ಟ್ ಮಿಷನರಿ ಸಂಘವನ್ನು ಸ್ಥಾಪಿಸಿದರು. ಅಂದು ಫುಲ್ಲರನ ನಶ್ಯದ ಡಬ್ಬಿಯಲ್ಲಿ ಕೂಡಿದ ದೇಣಿಗೆಯ ವಾಗ್ದಾನಗಳ ಮೊತ್ತ 13 ಪೌಂಡ್ 2 ಷಿಲಿಂಗ್ 6 ಪೆನ್ಸ್. ಸಂಘದ ಪ್ರೇರಕನಾಗಿದ್ದ, ಹಿಂದೆ ಚಮ್ಮಾರಿಕೆ ಮಾಡಿಕೊಂಡಿದ್ದ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದು, 1800ರಿಂದ ಶ್ರೀರಾಮಪುರದಲ್ಲಿ ನೆಲೆಸಿ, ಅಲ್ಲಿನ ಮುದ್ರಣಾಲಯದಿಂದ ಭಾರತದ ಹಲವು ಭಾಷೆಗಳ ಗ್ರಂಥಗಳನ್ನು ಹೊರತಂದ. 1817ರಲ್ಲಿ ಪ್ರಕಟವಾದ ಅವನ ಕನ್ನಡ ವ್ಯಾಕರಣ ಅವುಗಳಲ್ಲೊಂದು. ಕೆಟರಿಂಗ್‌ನಲ್ಲೇ 1803ರಲ್ಲಿ ಹುಟ್ಟಿದ ವಿಲಿಯಂ ನಿಬ್ ಇದೇ ಸಂಘದ ಪರವಾಗಿ ಜಮೈಕಕ್ಕೆ ಹೋಗಿ, ಗುಲಾಮಗಿರಿಯ ವಿರುದ್ಧ ಹೋರಾಡಿದ.

1801ರಲ್ಲಿ ಸುಮಾರು 3,000ದಷ್ಟಿದ್ದ ಕೆಟರಿಂಗ್‌ನ ಜನಸಂಖ್ಯೆ ರೈಲಿನ ಆಗಮನದಿಂದಲೂ ಪಾದರಕ್ಷೆ ಕಾರ್ಖಾನೆಗಳಿಂದಲೂ 1901ರ ವೇಳೆಗೆ 28,000ವನ್ನು ದಾಟಿತು. ಕಾರ್ಮಿಕರ ಹೊಸ ಬಡಾವಣೆಗಳಿಗಾಗಿ ಆಂಗ್ಲಿಕನ್ನರು ಕಟ್ಟಿಸಿದ ಚರ್ಚುಗಳಲ್ಲಿ, ವಾಸ್ತುಶಿಲ್ಪಿ ನಿನಿಯನ್ ಕಾಂಪರ್‌ನ ಆರಂಭದ ಕೃತಿಗಳಲ್ಲೊಂದಾದ ಸಂತ ಮೇರಿ ಚರ್ಚು ಗಮನಾರ್ಹ. ಬ್ಯಾಪ್ಟಿಸ್ಟರು 1860ರ ದಶಕದ ಆರಂಭದಲ್ಲಿ ಗೋಲ್ಡ್ ಸ್ಟ್ರೀಟ್‌ನಲ್ಲಿ ಫುಲ್ಲರನ ಹೆಸರಿನ ದೊಡ್ಡ ಚಾಪೆಲ್ಲನ್ನು ಕಟ್ಟಿಸಿದರು. 1972ರಲ್ಲಿ ಇಂಗ್ಲೆಂಡಿನ ಕಾಂಗ್ರಿಗೇಷನಲ್ (ಅಂದರೆ ಟಾಲರ್ ಸಭೆಯಂಥ ಸ್ವತಂತ್ರ ಸಭೆಗಳ) ಚರ್ಚು ಮತ್ತು ಹಿರಿಯರ ಮಂಡಳಿಗಳು ನಡೆಸುವ ಪ್ರೆಸ್ಬಿಟೇರಿಯನ್ ಚರ್ಚು ಸೇರಿ ಯುನೈಟೆಡ್ ರಿಫಾರ್ಮ್ಡ್ ಚರ್ಚು ಸ್ಥಾಪಿತವಾದಾಗ ಟಾಲರ್ ಸಭೆ ಅದರ ಭಾಗವಾಯಿತು. 1792ರ ಸಭೆ ನಡೆದ ಮನೆಯು ಲೋಯರ್ ಸ್ಟ್ರೀಟ್‌ನಲ್ಲಿ ಈಗಲೂ ಇದೆ.