ಜಾತ್ರೆಯ ಧೂಳೂ ನದಿಯ ಮಣ್ಣೂ

ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಯಲ್ಲಿ ಪಾನಕದ ಗಾಡಿಗಳೆಬ್ಬಿಸುವ ಧೂಳನ್ನು ನಾನೂ ಕುಡಿದಿದ್ದೇನೆ. ಮಣ್ಣಿನ ಧೂಳಿನಲ್ಲಿ ಶಿಲೀಂಧ್ರದ ಕಣಗಳೂ ಇರುತ್ತವೆ. ಮೈಯ ಕಾವಲು ಗಟ್ಟಿಯಿದ್ದರೆ ಭಯವಿಲ್ಲ. ಎಚ್‌ಐವಿ ಆ ಕಾವಲನ್ನು ಮುರಿದಾಗ, ಮಣ್ಣು ಹಾಗೂ ಪಾರಿವಾಳದ ಹಿಕ್ಕೆಯಲ್ಲಿರುವ ಕ್ರಿಪ್ಟೋಕಾಕಸ್ ಶ್ವಾಸಕೋಶದಿಂದ ರಕ್ತಕ್ಕಿಳಿದು ಮಿದುಳನ್ನು ಸೇರುತ್ತದೆ. ಎಚ್‌ಐವಿ ಇಲ್ಲದ ರೋಗಿಗೆ ಗಂಡಾಂತರ ಬರುವ ದಾರಿ ಹೆಚ್ಚಾಗಿ ಬೇರೆ: ಚರ್ಮದಲ್ಲೂ ಕರುಳಿನಲ್ಲೂ ಸುಮ್ಮನಿದ್ದ ಕ್ಯಾಂಡಿಡಾ, ಆಸ್ಪತ್ರೆಯಲ್ಲಿ ರಕ್ತನಾಳಕ್ಕಿಟ್ಟ ನಳಿಕೆಯನ್ನು ಹಿಡಿದು ಒಳನುಗ್ಗುತ್ತದೆ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಶಿಲೀಂಧ್ರಕ್ಕೆ ಮದ್ದು ಮಾತ್ರ 1950ರ ದಶಕದಲ್ಲೇ ಸಿಕ್ಕಿತ್ತು. ವೆನೆಜುವೆಲಾದ ಒರಿನೋಕೊ ನದಿಯ ಸೀಮೆಯ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದು ಆಂಫೊಟೆರಿಸಿನ್-ಬಿ ಕೊಟ್ಟಿತು. ಅದು ಮೂತ್ರಪಿಂಡಕ್ಕೆ ಕಠಿಣ. ಆದರೂ ಪ್ರಾಣ ಉಳಿಸಬಲ್ಲದು. 2021ರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದಾಗ ಕರ್ನಾಟಕದಲ್ಲಿ ಅದಕ್ಕೇ ಪರದಾಟವಾಯಿತು. ಮಣ್ಣು ಕೊಟ್ಟ ಮದ್ದನ್ನು ಹೊತ್ತಿಗೆ ಸರಿಯಾಗಿ ರೋಗಿಗೆ ಮುಟ್ಟಿಸುವ ಹೊಣೆ ನಮ್ಮದೇ.