ಸೀಟಿ ಊದುವವನ ಮೇಲಿನ ಸಿಟ್ಟು: ಊರಿಗಾಂನಿಂದ ಕಂಠೀರವದವರೆಗೆ

ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರದ ಚಿನ್ನದ ಗಣಿಗಳ ನಡುವಿನ ಊರಿಗಾಂ ದಾಟಿ ಮಾರಿಕುಪ್ಪಂವರೆಗೆ ರೈಲು ಓಡಲು ಶುರುವಾದದ್ದು 1894ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1891ರಲ್ಲಿ, ಫುಟ್‌ಬಾಲ್ ಆಟದ ನಿಯಮಗಳಲ್ಲಿ ಒಂದು ದೊಡ್ಡ ಬದಲಾವಣೆ ಆಗಿತ್ತು. ಅಲ್ಲಿಯವರೆಗೆ ಎರಡೂ ತಂಡಗಳು ತಮ್ಮ ತಮ್ಮ ಕಡೆಯಿಂದ ಒಬ್ಬೊಬ್ಬ ಅಂಪೈರ್‌ನನ್ನು ಕರೆತರುತ್ತಿದ್ದವು. ಅವರಿಬ್ಬರಲ್ಲಿ ಒಮ್ಮತ ಮೂಡದಿದ್ದಾಗ ಮಾತ್ರ ಗೆರೆಯಾಚೆ ನಿಂತಿದ್ದ ಮೂರನೆಯವನನ್ನು, ಅಂದರೆ ರೆಫ್ರಿಯನ್ನು, ಕೇಳುತ್ತಿದ್ದರು. ಕ್ರಿಕೆಟ್ಟಿನ ಹಾಗೆ ಆಟಗಾರರು ಕೈಯೆತ್ತಿ ಕೂಗಿ ತೀರ್ಪು ಬೇಡಬೇಕಿತ್ತು. 1891ರಲ್ಲಿ ಆ ರೆಫ್ರಿ ಗೆರೆ ದಾಟಿ ಮೈದಾನದ ಒಳಗೆ ಬಂದ, ಅಂಪೈರ್‌ಗಳು ಲೈನ್ಸ್‌ಮನ್‌ಗಳಾಗಿ ಅಂಚಿಗೆ ಸರಿದರು. ಪೆನಾಲ್ಟಿ ಕಿಕ್ ಹುಟ್ಟಿದ್ದೂ ಅದೇ ವರ್ಷ. ಇನ್ನು ಮುಂದೆ ಸರಿ ತಪ್ಪು ಹೇಳುವವನು ಒಬ್ಬನೇ. ಹಾಗಾಗಿ ಬೈಸಿಕೊಳ್ಳುವವನೂ ಒಬ್ಬನೇ ಆದ.

ಹೀಗೆ ಒಬ್ಬ ರೆಫ್ರಿಯ ಕೈಗೆ ಸೀಟಿ ಸಿಕ್ಕ ಕಾಲದಲ್ಲೇ ಕೋಲಾರದ ಚಿನ್ನದ ಗಣಿಗಳು (ಕೆಜಿಎಫ್) ಊರಾಗಿ ಬೆಳೆಯುತ್ತಿದ್ದವು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿ ಕೆಲಸ ಹಿಡಿಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಾಘಾಟ್ ಎಂದು ಒಂದರ ಪಕ್ಕ ಒಂದು ಗಣಿ ಎದ್ದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಿಗಿಂತ ಮೊದಲೇ ಇಲ್ಲಿ ದೀಪ ಉರಿಯಿತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ತವರದ ಗಣಿಗಳು ಸೊರಗಿದ್ದರಿಂದ ಅಲ್ಲಿನ ಗಣಿಗಾರರು ಇಲ್ಲಿಗೆ ಬಂದರು. ಇಟಲಿಯವರು ಬಂದರು, ಆಂಗ್ಲೋ ಇಂಡಿಯನ್ನರು ಬಂದರು. ಸುರಂಗದೊಳಗೆ ಬಂಡೆ ಒಡೆಯಲು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ತಮಿಳು, ತೆಲುಗು ಮಾತನಾಡುವ ಸಾವಿರಾರು ಬಡವರು ಬಂದರು. ಸುತ್ತಲಿನ ಹಳ್ಳಿಗಳ ಕನ್ನಡಿಗರೂ ಸೇರಿಕೊಂಡರು. ಕ್ಲಬ್ಬು, ಬಂಗಲೆ, ಚರ್ಚು ಒಂದು ಕಡೆ. ಕಾರ್ಮಿಕರ ಸಾಲು ಸಾಲು ಲೈನ್ ಮನೆಗಳು ಇನ್ನೊಂದು ಕಡೆ. ನಡುವೆ ಸೈನೈಡ್ ಮಣ್ಣಿನ ಗುಡ್ಡಗಳು.

ಈ ಊರಿಗೆ ಫುಟ್‌ಬಾಲ್ ಬಂದದ್ದು ಹಡಗು ಇಳಿದು ಬಂದವರ ಜೊತೆಗೆ. ಆದರೆ ಅದು ಕ್ಲಬ್ಬಿನ ಬೇಲಿಯೊಳಗೆ ಉಳಿಯಲಿಲ್ಲ. ಟೆನ್ನಿಸ್ಸಿಗೆ ರ್ಯಾಕೆಟ್ ಬೇಕು, ಕ್ರಿಕೆಟ್ಟಿಗೆ ಬ್ಯಾಟು, ಪ್ಯಾಡು ಬೇಕು. ಫುಟ್‌ಬಾಲಿಗೆ ಒಂದು ಚೆಂಡು ಸಾಕು, ಬೂಟು ಇಲ್ಲದಿದ್ದರೂ ನಡೆಯುತ್ತದೆ. ಲೈನ್ ಮನೆಗಳ ಹುಡುಗರು ಬರಿಗಾಲಲ್ಲೇ ಆಡಿದರು. ಆಡದವರು ಮೈದಾನದ ಸುತ್ತ ನಿಂತು ನೋಡಿದರು, ಕೂಗಿದರು.

ಆ ಕೂಗಿನ ತೂಕ ತಿಳಿಯಬೇಕಾದರೆ ಅವರ ವಾರದ ಉಳಿದ ದಿನಗಳನ್ನು ನೋಡಬೇಕು. ಗಣಿಯ ಊರಿನಲ್ಲಿ ಬದುಕು ನಡೆಯುತ್ತಿದ್ದದ್ದು ಇನ್ನೊಬ್ಬರ ಸೂಚನೆಯ ಮೇಲೆ. ಸೈರನ್ ಕೂಗಿದರೆ ಪಾಳಿ ಶುರು, ಮತ್ತೆ ಕೂಗಿದರೆ ಮುಗಿಯಿತು. ಕೆಳಗಿಳಿಯುವಾಗ ಲೆಕ್ಕ, ಮೇಲೆ ಬರುವಾಗ ತಪಾಸಣೆ. ಚಿನ್ನ ಕದ್ದಿದ್ದಾನೆಂಬ ಅನುಮಾನ ಪ್ರತಿಯೊಬ್ಬ ಕೂಲಿಯ ಬೆನ್ನಿಗೇ ಇತ್ತು. ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಕಂಪನಿಗಳು ಹೊರಟಾಗ, 1930ರಲ್ಲಿ, ಇಡೀ ಗಣಿ ಪ್ರದೇಶ ಮುಷ್ಕರ ಹೂಡಿತು. ಸುರಂಗದಲ್ಲಿ ಮೇಲಿನವನಿಗೆ ಎದುರು ಮಾತನಾಡಿದರೆ ಕೂಲಿ ಹೋಗುತ್ತಿತ್ತು. ಮೈದಾನದ ಅಂಚಿನಲ್ಲಿ ಹಾಗಿಲ್ಲ. ಅಲ್ಲಿ ತೀರ್ಪು ಕೊಡುವವನಿಗೆ ‘ಇದು ತಪ್ಪು’ ಎಂದು ನೂರಾರು ಜನರ ಎದುರು ಗಂಟಲು ಬಿರಿಯುವಂತೆ ಹೇಳಬಹುದಿತ್ತು. ರೆಫ್ರಿಯ ಮೇಲಿನ ಕೂಗಾಟವನ್ನು ಬರೀ ಪುಂಡಾಟ ಎಂದು ತಳ್ಳಿಹಾಕುವವರು ಈ ಸಂಗತಿಯನ್ನು ಮರೆಯುತ್ತಾರೆ.

ಆಟವೂ ಜಗಳಕ್ಕೆ ಎಡೆ ಕೊಡುವಂಥದ್ದೇ. ಗೋಲಿಗೆ ಹತ್ತಿರ ಇರುವವನ ಮುಂದೆ ಎದುರಾಳಿಗಳು ಮೂವರಿರಬೇಕೆಂಬ ಆಫ್‌ಸೈಡ್ ನಿಯಮ 1925ರಲ್ಲಿ ಇಬ್ಬರಿಗೆ ಇಳಿಯಿತು. ಗೋಲುಗಳು ಹೆಚ್ಚಿದವು. ಆದರೆ ಚೆಂಡನ್ನು ಒದ್ದ ಕ್ಷಣದಲ್ಲಿ ಯಾರು ಎಲ್ಲಿದ್ದರೆಂದು ಕಣ್ಣಳತೆಯಲ್ಲೇ ಹೇಳುವ ಕಷ್ಟ ಹಾಗೇ ಉಳಿಯಿತು. ರೆಫ್ರಿ ನೋಡುವುದು ಒಂದು ಕೋನದಿಂದ, ಮೈದಾನದ ಸುತ್ತಲಿನವರು ನೋಡುವುದು ನಾಲ್ಕು ದಿಕ್ಕಿನಿಂದ. ‘ಏ ರೆಫ್ರೀ, ಕಣ್ಣಿಲ್ವಾ?’, ‘ಎಷ್ಟು ತಗೊಂಡೆ?’ ಎಂಬ ಕೂಗು ಭಾಷೆ ಬದಲಾದರೂ ಎಲ್ಲ ಊರಲ್ಲೂ ಒಂದೇ. ಒಂದು ಅನುಮಾನ ಕಣ್ಣಿನ ಮೇಲೆ, ಇನ್ನೊಂದು ನಿಯತ್ತಿನ ಮೇಲೆ.

ಭಾಷೆಯ ಮಾತು ಬಂದಾಗ 1966ರ ವಿಶ್ವಕಪ್ ನೆನಪಾಗದೆ ಇರದು. ಇಂಗ್ಲೆಂಡ್ ಎದುರಿನ ಕ್ವಾರ್ಟರ್ ಫೈನಲ್ಲಿನಲ್ಲಿ ಅರ್ಜೆಂಟೀನಾದ ನಾಯಕ ಅಂಟೋನಿಯೋ ರಟ್ಟಿನ್ ಅವರನ್ನು ಜರ್ಮನಿಯ ರೆಫ್ರಿ ರುಡಾಲ್ಫ್ ಕ್ರೈಟ್‌ಲೈನ್ ಹೊರಗೆ ಕಳಿಸಿದರು. ಕಾರಣ, ನಾಲಗೆಯ ಹಿಂಸೆ. ರೆಫ್ರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ! ರಟ್ಟಿನ್ ಏನು ಹೇಳಿದರೋ ಅವರಿಗೆ ತಿಳಿಯಲಿಲ್ಲ, ಮುಖ ನೋಡಿ ತಿಳಿದುಕೊಂಡರು. ರಟ್ಟಿನ್ ಬಹಳ ಹೊತ್ತು ಮೈದಾನ ಬಿಟ್ಟು ಕದಲಲಿಲ್ಲ. ಈ ಗೊಂದಲವನ್ನು ಕಣ್ಣಾರೆ ಕಂಡ ಇಂಗ್ಲೆಂಡಿನ ಹಿರಿಯ ರೆಫ್ರಿ ಕೆನ್ ಆಸ್ಟನ್‌ಗೆ, ಭಾಷೆ ಬಾರದವನಿಗೂ ಅರ್ಥವಾಗುವ ಸಂಕೇತ ಬೇಕೆನ್ನಿಸಿತು. ಟ್ರಾಫಿಕ್ ದೀಪ ನೋಡುವಾಗ ಹಳದಿ, ಕೆಂಪು ಕಾರ್ಡಿನ ಯೋಚನೆ ಹೊಳೆಯಿತು. 1970ರ ಮೆಕ್ಸಿಕೋ ವಿಶ್ವಕಪ್‌ನಲ್ಲಿ ಕಾರ್ಡುಗಳು ಮೊದಲ ಬಾರಿ ರೆಫ್ರಿಯ ಜೇಬು ಸೇರಿದವು. ಇಂದಿಗೂ ಆಟದ ಹನ್ನೆರಡನೇ ನಿಯಮದಂತೆ, ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ಅವಮಾನಿಸಿದ ಆಟಗಾರನಿಗೆ ಕೆಂಪು ಕಾರ್ಡು. ತೀರ್ಪಿಗೆ ಬರೀ ಅಸಮ್ಮತಿ ತೋರಿದರೆ ಹಳದಿ. ಸಿಟ್ಟಿಗೂ ಬೈಗುಳಕ್ಕೂ ನಡುವೆ ನಿಯಮಪುಸ್ತಕವೇ ಗೆರೆ ಎಳೆದಿದೆ. ಮೈದಾನದ ಹೊರಗೆ ನಿಂತ ಪ್ರೇಕ್ಷಕರಿಗೆ ಮಾತ್ರ ಯಾವ ಕಾರ್ಡೂ ಇಲ್ಲ.

ತಮಿಳು, ತೆಲುಗು, ಕನ್ನಡ, ಉರ್ದು, ಇಂಗ್ಲಿಷ್ ಐದೂ ಒಂದೇ ಬೀದಿಯಲ್ಲಿ ಕೇಳಿಬರುವ ಕೆಜಿಎಫ್‌ನಲ್ಲಿ ಬೈಯಲು ಪದಗಳಿಗೆ ಬರವಿಲ್ಲ. ಆದರೆ ಈ ಐದೂ ಭಾಷೆಗಳ ಬೈಗುಳದ ಗಂಟು ಬಿಚ್ಚಿದರೆ ಒಳಗೆ ಇರುವುದು ಹೆಚ್ಚಾಗಿ ಎರಡೇ ಸರಕು: ತಾಯಿ, ತಂಗಿಯರ ಮಾನ, ಇಲ್ಲವೇ ಹುಟ್ಟಿದ ಜಾತಿ. ಈ ಊರಿಗೆ ಇದರ ನೋವು ಗೊತ್ತು. ಸುರಂಗ ತೋಡಿದವರಲ್ಲಿ ಬಹುಪಾಲು ಜನ ಅಸ್ಪೃಶ್ಯರೆಂದು ಹೊಲಗೇರಿಗೆ ತಳ್ಳಲ್ಪಟ್ಟವರು. ಜಮೀನ್ದಾರನ ಬಾಯಲ್ಲಿ ಜಾತಿಯ ಹೆಸರಿನಿಂದ ಕರೆಸಿಕೊಂಡು ಬೇಸತ್ತವರಿಗೆ ಗಣಿಯ ಕೂಲಿ ಹೊಸ ದಾರಿಯಾಗಿ ಕಂಡಿತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಪಂಡಿತ ಅಯೋತಿ ದಾಸರ ಬೌದ್ಧ ಚಳವಳಿ ಮಾರಿಕುಪ್ಪಂನಲ್ಲಿ ಬೇರೂರಿತು. ಅಪ್ಪಾದುರೈಯಾರ್ ಅವರಂಥವರು ಅದನ್ನು ಬೆಳೆಸಿದರು. ಶಾಲೆ, ಸಭೆ, ಪತ್ರಿಕೆಗಳ ಮೂಲಕ ಆ ಚಳವಳಿ ಕಲಿಸಿದ್ದು ಸ್ವಾಭಿಮಾನ. ಅಂಥ ಊರಿನ ಮೈದಾನದ ಅಂಚಿನಲ್ಲಿ ಜಾತಿ ಹಿಡಿದು ಬೈದರೆ ಆ ಏಟು ಬೀಳುವುದು ರೆಫ್ರಿಯೊಬ್ಬನ ಮೇಲಷ್ಟೇ ಅಲ್ಲ, ಬೈದವನ ತಾತ ಮುತ್ತಾತರ ಹೋರಾಟದ ಮೇಲೂ ಬೀಳುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ, ಪರಿಶಿಷ್ಟ ಜಾತಿ, ಪಂಗಡದವರನ್ನು ಅವರಲ್ಲದವರು ಸಾರ್ವಜನಿಕವಾಗಿ ಜಾತಿ ಹೆಸರಿನಿಂದ ನಿಂದಿಸುವುದು ಅಪರಾಧ. ಮೈದಾನವೂ ಸಾರ್ವಜನಿಕ ಸ್ಥಳವೇ.

ಆಗಿನ ಮೈಸೂರು ಸೀಮೆಯ ಫುಟ್‌ಬಾಲಿಗೆ ಇನ್ನೊಂದು ತವರು ಬೆಂಗಳೂರಿನ ದಂಡು ಪ್ರದೇಶ. ಅಲ್ಲಿ ಗೋರಾ ಸೈನಿಕರ ಬೂಟುಗಾಲಿಗೆ ಬರಿಗಾಲಿನ ಹುಡುಗರು ಎದುರಾಗಿ ಆಟ ಕಲಿತರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಅದೇ ತಂಡ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಫ್ರಾನ್ಸ್ ಎದುರಿನ ಆ ಪಂದ್ಯದಲ್ಲಿ ರೆಫ್ರಿ ಭಾರತಕ್ಕೆ ಎರಡು ಪೆನಾಲ್ಟಿ ಕೊಟ್ಟರು. ಎರಡನ್ನೂ ನಮ್ಮವರು ಗೋಲಾಗಿಸಲಿಲ್ಲ, 1–2ರಿಂದ ಸೋತರು. ಸೋಲನ್ನೆಲ್ಲ ರೆಫ್ರಿಯ ತಲೆಗೆ ಕಟ್ಟುವವರು ಈ ಪಂದ್ಯವನ್ನು ನೆನಪಿಟ್ಟುಕೊಳ್ಳಬೇಕು. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತು. ಕೊನೆಯದು 1968–69ರಲ್ಲಿ. ಕರ್ನಾಟಕ ಮತ್ತೆ ಅದನ್ನು ಎತ್ತಿದ್ದು 2023ರ ಮಾರ್ಚ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ.

ರೆಫ್ರಿ ಪಕ್ಷಪಾತಿ ಎಂಬ ಕೂಗು ಪರಂಗಿಯವರ ಕಾಲದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಕೋಲ್ಕತ್ತದಲ್ಲಿ ಫುಟ್‌ಬಾಲ್ ಆಡಳಿತ ಬಹುಕಾಲ ಬಿಳಿಯರ ಹಿಡಿತದಲ್ಲೇ ಇತ್ತು. ತಮಗೆ ಅನ್ಯಾಯವಾಗುತ್ತಿದೆ ಎಂದು 1939ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್, ಈಸ್ಟ್ ಬೆಂಗಾಲ್ ಸೇರಿದಂತೆ ಕೆಲವು ಭಾರತೀಯ ಕ್ಲಬ್‌ಗಳು ಅಲ್ಲಿನ ಲೀಗಿನಿಂದಲೇ ಹೊರನಡೆದವು. ಆಳುವವನೇ ಆಟದಲ್ಲೂ ತೀರ್ಪುಗಾರನಾದಾಗ ಸೀಟಿಯ ಮೇಲೆ ನಂಬಿಕೆ ಉಳಿಯುವುದು ಕಷ್ಟ.

ಸ್ವಾತಂತ್ರ್ಯ ಬಂದ ಮೇಲೆ ಸೀಟಿ ನಮ್ಮವರ ಕೈಗೆ ಬಂತು, ಬೈಗುಳ ಮಾತ್ರ ನಿಲ್ಲಲಿಲ್ಲ. ಅದು ಎಲ್ಲಿಗೆ ಮುಟ್ಟಬಹುದೆಂದು 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ದೇಶ ಕಂಡಿತು. ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದಲ್ಲಿ ಆಟಗಾರರ ಕಿತ್ತಾಟ ನಡೆದು ಇಬ್ಬರಿಗೆ ಕೆಂಪು ಕಾರ್ಡು ಸಿಕ್ಕಿತು. ಕಿಚ್ಚು ಗ್ಯಾಲರಿಗೆ ಹಬ್ಬಿತು. ನೂಕುನುಗ್ಗಲಲ್ಲಿ 16 ಮಂದಿ ಅಭಿಮಾನಿಗಳು ಸತ್ತರು. ಇದು ನಮ್ಮ ದೇಶದ ರೋಗ ಮಾತ್ರವಲ್ಲ. 2012ರ ಡಿಸೆಂಬರ್‌ನಲ್ಲಿ ನೆದರ್‌ಲೆಂಡ್ಸ್‌ನ ಅಲ್ಮೇರೆಯಲ್ಲಿ ಮಕ್ಕಳ ಪಂದ್ಯವೊಂದಕ್ಕೆ ಸಂಬಳವಿಲ್ಲದೆ ಲೈನ್ಸ್‌ಮನ್ ಆಗಿ ನಿಂತಿದ್ದ ರಿಚರ್ಡ್ ನ್ಯೂವೆನ್‌ಹೌಜನ್ ಎಂಬ ತಂದೆಯನ್ನು ಎದುರು ತಂಡದ ಹುಡುಗರು ಒದ್ದು ಕೊಂದರು. ಅವರ ಮಗ ಅದೇ ಪಂದ್ಯದಲ್ಲಿ ಆಡುತ್ತಿದ್ದ.

ಇತ್ತ ಕೆಜಿಎಫ್‌ನಲ್ಲಿ 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಊರಿನ ಮಕ್ಕಳು ಬೆಳಗಿನ ಜಾವದ ರೈಲು ಹಿಡಿದು, ಬಂಗಾರಪೇಟೆ ಹಾದು, ಬೆಂಗಳೂರಿಗೆ ಕೂಲಿ, ನೌಕರಿ ಹುಡುಕಿ ಹೋಗತೊಡಗಿದರು. ಇಂದಿಗೂ ಸಾವಿರಾರು ಜನರ ದಿನಚರಿ ಅದೇ. ರಾಜ್ಯದ ದೊಡ್ಡ ಫುಟ್‌ಬಾಲ್ ಕೂಡ ಈಗ ಆ ರೈಲು ಮುಟ್ಟುವ ಊರಲ್ಲೇ ಇದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಕಂಠೀರವ ಕ್ರೀಡಾಂಗಣ ತವರು. ಅಲ್ಲಿನ ಪಶ್ಚಿಮ ಗ್ಯಾಲರಿಯಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳು ತೊಂಬತ್ತು ನಿಮಿಷವೂ ನಿಂತೇ ಹಾಡುತ್ತಾರೆ.

ಅದೇ ಕಂಠೀರವದಲ್ಲಿ 2023ರ ಮಾರ್ಚ್ 3ರಂದು ನಡೆದದ್ದು ದೇಶದ ರೆಫ್ರಿಗಳ ಕತೆಯಲ್ಲಿ ಒಂದು ತಿರುವು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ಲೇಆಫ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಬೆಂಗಳೂರು ಎಫ್‌ಸಿಯ ಹೆಚ್ಚುವರಿ ಸಮಯದ ಆಟ. 96ನೇ ನಿಮಿಷದಲ್ಲಿ ಎದುರಾಳಿಗಳು ಗೋಡೆ ಕಟ್ಟುವ ಮುನ್ನವೇ ಬೆಂಗಳೂರಿನ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದು ಚೆಂಡನ್ನು ಬಲೆಗೆ ಸೇರಿಸಿದರು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದೊಯ್ದರು. ಸೀಟಿ ಕಾಯಬೇಕೆಂದು ರೆಫ್ರಿ ಹೇಳದಿದ್ದರೆ ಫ್ರೀಕಿಕ್ ಬೇಗ ತೆಗೆದುಕೊಳ್ಳಬಹುದೆಂಬುದು ನಿಯಮ. ರೆಫ್ರಿ ಹೇಳಿದ್ದರೇ ಇಲ್ಲವೇ ಎಂಬುದೇ ವಾದ. ಪಂದ್ಯ ಮತ್ತೆ ಆಡಿಸಬೇಕೆಂಬ ಬೇಡಿಕೆಯನ್ನು ಶಿಸ್ತು ಸಮಿತಿ ಒಪ್ಪಲಿಲ್ಲ. ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಬಿತ್ತು. ಬೆಂಗಳೂರಿನವರಿಗೆ ಅಂದಿನ ರೆಫ್ರಿ ನ್ಯಾಯವಂತ, ಕೊಚ್ಚಿಯವರಿಗೆ ಖಳನಾಯಕ. ಗೋಲು ಇನ್ನೊಂದು ಕಡೆ ಬಿದ್ದಿದ್ದರೆ ಎರಡೂ ಕಡೆಯ ಮಾತು ಅದಲು ಬದಲಾಗುತ್ತಿತ್ತು.

ಅಭಿಮಾನಿಗಳನ್ನು ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. ಕೂಗಾಡದಿದ್ದರೆ ಮ್ಯಾಚ್ ನೋಡಿದ ಹಾಗೇ ಆಗುವುದಿಲ್ಲ, ಮೈದಾನವೇನು ದೇವಸ್ಥಾನವೇ ಎನ್ನುವವರು ಕೆಲವರು. ಮನೆಯ ಹೆಣ್ಣುಮಕ್ಕಳನ್ನು, ಚಿಕ್ಕವರನ್ನು ಕರೆದುಕೊಂಡು ಹೋಗಿ ಕೂರಲಾಗದ ಗ್ಯಾಲರಿ ಆಟಕ್ಕೇ ನಷ್ಟ ಎನ್ನುವವರು ಕೆಲವರು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಕೂಗು ಇರಲಿ, ಗಣಿಯ ಊರಿನ ಮೈದಾನಗಳಿಗೆ ಜೀವ ತುಂಬಿದ್ದೇ ಅದು. ತೀರ್ಪು ತಪ್ಪು ಎನ್ನುವ ಹಕ್ಕು ಟಿಕೆಟ್ಟಿನ ಜೊತೆಗೇ ಬರುತ್ತದೆ. ತಾಯಿಯನ್ನೂ ಜಾತಿಯನ್ನೂ ಬೀದಿಗೆಳೆಯುವ ಹಕ್ಕು ಯಾವ ಟಿಕೆಟ್ಟಿನಲ್ಲೂ ಇಲ್ಲ. ಅಂದು ಸೀಟಿಯ ಹಿಂದೆ ಕಂಪನಿಯ ದರ್ಪದ ನೆರಳು ಕಂಡವರ ಸಿಟ್ಟಿಗೆ ಅರ್ಥವಿತ್ತು. ಇಂದು ಊರಿಗಾಂನಲ್ಲೋ ರಾಬರ್ಟ್‌ಸನ್‌ಪೇಟೆಯಲ್ಲೋ ಸಂಜೆಯ ಪಂದ್ಯಕ್ಕೆ ಸೀಟಿ ಊದುವವನು ಪಕ್ಕದ ಬೀದಿಯ ಹಳೆಯ ಆಟಗಾರ, ಶಾಲೆಯ ಪಿ.ಟಿ. ಮೇಷ್ಟ್ರು, ಬೆಳಗಿನ ರೈಲಿನಲ್ಲಿ ಎದುರು ಸೀಟಿನಲ್ಲಿ ಕೂರುವ ಮನುಷ್ಯ.

ಈ ಊರಿನ ಹಿರಿಯರಲ್ಲಿ, ಕ್ಲಬ್‌ಗಳಲ್ಲಿ, ಶಾಲೆಗಳಲ್ಲಿ ಒಂದು ಕೋರಿಕೆ. ಗಣಿಯಿಂದ ತೆಗೆದ ಚಿನ್ನದ ಲೆಕ್ಕ ಪುಸ್ತಕಗಳಲ್ಲಿ ಭದ್ರವಾಗಿದೆ. ಮೈದಾನಗಳ ಕತೆ ಹೆಚ್ಚಾಗಿ ನಿಮ್ಮ ಬಾಯಲ್ಲಿ, ನಿಮ್ಮ ಮನೆಯ ಹಳೆಯ ಫೋಟೋಗಳಲ್ಲಿ ಇದೆ. ಯಾವ ಗಣಿಯ ತಂಡದಲ್ಲಿ ಯಾರು ಆಡಿದರು, ಯಾರು ಗೋಲು ಕಾದರು ಎಂದು ಬರೆದಿಡುವಾಗ, ಆ ಪಂದ್ಯಗಳಿಗೆ ಸೀಟಿ ಊದಿದವರ ಹೆಸರನ್ನೂ ಬರೆದಿಡಿ. ಆಟ ಬಿಟ್ಟ ಹುಡುಗರನ್ನು ರೆಫ್ರಿ ತರಬೇತಿಗೆ ಕಳಿಸಿ. ಮುಂದಿನ ಪಂದ್ಯದಲ್ಲಿ ಅವರು ತಪ್ಪು ತೀರ್ಪು ಕೊಟ್ಟರೆ ಧಾರಾಳವಾಗಿ ಕೂಗಿ ಹೇಳಿ, ಆದರೆ ಅವರ ಮನೆಯವರನ್ನು ಅದರೊಳಗೆ ಎಳೆಯಬೇಡಿ.