ಪೀಪಾಯಿ ಬಿಯರಿನ ಒತ್ತಡ ಕಾರ್ಬೊನೀಕರಣ

ಹುದುಗುವಿಕೆ ಮುಗಿದು ತಿಳಿಯಾದ ಬಿಯರನ್ನು ಕೆಗ್ ಎಂಬ ಮುಚ್ಚಿದ ಉಕ್ಕಿನ ಪೀಪಾಯಿಗೆ ತುಂಬಿ, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡನ್ನು ಒತ್ತಡದಲ್ಲಿ ಹಾಯಿಸಿ ಕರಗಿಸುವ ವಿಧಾನವೇ ಒತ್ತಡ ಕಾರ್ಬೊನೀಕರಣ. ಬಾಟಲಿಗೆ ಸಕ್ಕರೆ ಬೆರೆಸಿ, ಯೀಸ್ಟಿನಿಂದಲೇ ಮತ್ತೊಮ್ಮೆ ಅನಿಲ ಹುಟ್ಟಿಸುವ ಹಳೆಯ ಕ್ರಮದಲ್ಲಿ ತಳದಲ್ಲಿ ಮಡ್ಡಿ ಉಳಿಯುತ್ತದೆ, ನೊರೆಯ ಪ್ರಮಾಣವೂ ಊಹೆಗೆ ಬಿಟ್ಟದ್ದು. ಇಲ್ಲಿ ಅದನ್ನು ಮೊದಲೇ ನಿಗದಿಪಡಿಸಬಹುದು. ಗೋಲಿಸೋಡಾ ತಯಾರಾಗುವುದೂ ಇದೇ ತತ್ತ್ವದ ಮೇಲೆ.

ಉಷ್ಣತೆ ಬದಲಾಗದಿದ್ದರೆ ದ್ರವದಲ್ಲಿ ಕರಗುವ ಅನಿಲದ ಪ್ರಮಾಣವು ಅದರ ಮೇಲಿರುವ ಆ ಅನಿಲದ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ ಎಂಬುದು 1803ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ನಿರೂಪಿಸಿದ ನಿಯಮ. ದ್ರವ ತಣ್ಣಗಾದಷ್ಟೂ ಅನಿಲ ಹೆಚ್ಚು ಕರಗುತ್ತದೆ. ಒಂದು ಲೀಟರ್ ಬಿಯರಿನಲ್ಲಿ ಎರಡೂವರೆ ಲೀಟರಿನಷ್ಟು ಅನಿಲ ಕರಗಿದ್ದರೆ ಅದು 2.5 ಘನಮಾನ, ಸಮುದ್ರಮಟ್ಟದಲ್ಲಿ ಇದಕ್ಕೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚದರ ಅಂಗುಲಕ್ಕೆ ಸುಮಾರು 12 ಪೌಂಡ್ ಒತ್ತಡ ಸಾಕು, 25 ಡಿಗ್ರಿಯಲ್ಲಾದರೆ ಸುಮಾರು 33 ಪೌಂಡ್ ಬೇಕು.

ಬೆಂಗಳೂರಿನಲ್ಲಿ ಈ ಲೆಕ್ಕವನ್ನು ಹಾಗೆಯೇ ಒಪ್ಪುವುದು ತಪ್ಪು. ಒತ್ತಡಮಾಪಕವು ಹೊರಗಿನ ಗಾಳಿಗಿಂತ ಹೆಚ್ಚಿರುವ ಒತ್ತಡವನ್ನಷ್ಟೇ ತೋರಿಸುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ನಗರದಲ್ಲಿ ವಾಯುಒತ್ತಡವೇ ಹತ್ತರಲ್ಲೊಂದು ಪಾಲು ಕಡಿಮೆಯಿರುವುದರಿಂದ, ಹೊರನಾಡಿನ ಕೋಷ್ಟಕಗಳು ಹೇಳುವುದಕ್ಕಿಂತ ಸುಮಾರು ಒಂದೂವರೆ ಪೌಂಡ್ ಹೆಚ್ಚಿಗೆ ಇಡಬೇಕಾಗುತ್ತದೆ. ಇಲ್ಲದಿದ್ದರೆ ಬಿಯರು ಸಪ್ಪೆಯಾಗುತ್ತದೆ.

ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳ ಮೆಚ್ಚಿನ ಪಾತ್ರೆ, ತಂಪು ಪಾನೀಯದ ಪಾಕಕ್ಕೆಂದು ರೂಪುಗೊಂಡ 19 ಲೀಟರಿನ ಕಾರ್ನೀಲಿಯಸ್ ಕೆಗ್. ನಿಗದಿತ ಒತ್ತಡದಲ್ಲಿ ಅದನ್ನು ತಣ್ಣಗಿರಿಸಿದರೆ ಒಂದೆರಡು ವಾರದಲ್ಲಿ ಕೆಲಸ ಮುಗಿಯುತ್ತದೆ. ಹೆಚ್ಚು ಒತ್ತಡ ಕೊಟ್ಟು ಕುಲುಕುವ ಅವಸರದ ಉಪಾಯದಲ್ಲಿ ಅಳತೆ ಮೀರುವುದೇ ಹೆಚ್ಚು. 2012ರಲ್ಲಿ ವೈಟ್‌ಫೀಲ್ಡ್‌ನಲ್ಲಿ ಆರಂಭವಾದ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್‌ನಂತಹ ಕಿರು ಬ್ರೂವರಿಗಳ ಪ್ರಮಾಣ ದೊಡ್ಡದು. ಇಂಥ ಕಡೆಗಳಲ್ಲಿ ಸಾಮಾನ್ಯವಾಗಿ ಬ್ರೈಟ್ ಟ್ಯಾಂಕ್ ಎಂಬ ತಂಪು ತೊಟ್ಟಿಯೊಳಗೆ ಸೂಕ್ಷ್ಮ ರಂಧ್ರಗಳ ‘ಕಲ್ಲಿನ’ ಮೂಲಕ ಅನಿಲವನ್ನು ಸಣ್ಣ ಗುಳ್ಳೆಗಳಾಗಿ ಹಾಯಿಸುವುದರಿಂದ ಅದು ಬೇಗ ಕರಗುತ್ತದೆ.

1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಐಟಿ ಉದ್ಯೋಗಿಗಳ ನಡುವೆ ಈ ಹವ್ಯಾಸದ ಬಗ್ಗೆ ಎಷ್ಟೇ ಕುತೂಹಲವಿದ್ದರೂ, ಇಲ್ಲಿ ಈ ತಂತ್ರದ ಕಾನೂನುಬದ್ಧ ನೆಲೆ ಪರವಾನಗಿ ಪಡೆದ ಬ್ರೂವರಿಗಳೇ.

ಸಿಲಿಂಡರಿನೊಳಗಿನ ಒತ್ತಡ 25 ಡಿಗ್ರಿಯಲ್ಲಿ ಸುಮಾರು 64 ಬಾರ್ ಇರುವುದರಿಂದ ರೆಗ್ಯುಲೇಟರ್ ಇಲ್ಲದೆ ಕೆಗ್‌ಗೆ ಜೋಡಿಸಲೇಬಾರದು. ಈ ಅನಿಲಕ್ಕೆ ಬಣ್ಣವಿಲ್ಲ, ಅದು ಗಾಳಿಗಿಂತ ಭಾರ. ಸೋರಿದರೆ ನೆಲಮಾಳಿಗೆಯಂತಹ ತಗ್ಗು ಜಾಗದಲ್ಲಿ ತುಂಬಿಕೊಂಡು ಉಸಿರುಗಟ್ಟಿಸಿ ಕೊಲ್ಲಬಲ್ಲದು.